ಮನೇಲಿ ಎಸ್ಸೆಸ್ಸೆಲ್ಸಿ ತಮ್ಮ-ತಂಗಿ ಇದ್ದಾರಾ? ಈ ಎರಡು ತಿಂಗಳು ನಿಮ್ಮ ಕೈಯಲ್ಲಿದೆ

ಇವತ್ತಿನ ಸಂಚಿಕೆ ಅಪ್ಪ-ಅಮ್ಮಂದಿರಿಗಿಂತ ಹೆಚ್ಚಾಗಿ ನಿಮಗೆ. ಅಂದ್ರೆ ಡಿಗ್ರಿ ಓದ್ತಾ ಇರೋರಿಗೆ, ಜೀನ್ಸ್ ಯೂನಿಟ್‌ನಲ್ಲೋ ಮೊಬೈಲ್ ಅಂಗಡಿಯಲ್ಲೋ ಕೆಲಸ ಮಾಡೋರಿಗೆ, ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಾ ಇರೋರಿಗೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಎಷ್ಟೋ ಮನೆಗಳಲ್ಲಿ ಹತ್ತನೇ ಕ್ಲಾಸಿನ ಪುಸ್ತಕ ಓದಿ ಅರ್ಥ ಮಾಡ್ಕೊಳ್ಳಬಲ್ಲ ಮೊದಲ ದೊಡ್ಡವರು ನೀವೇ. ಅವ್ವ-ಅಪ್ಪನಿಗೆ ಮಗು ಪಾಸಾಗಬೇಕು ಅನ್ನೋ ಆಸೆ ಬೆಟ್ಟದಷ್ಟಿದೆ, ಆದರೆ ಎಲ್ಲಿ ಕೈ ಹಿಡೀಬೇಕು ಅಂತ ಗೊತ್ತಿಲ್ಲ.

ಮೊದಲು ಪರಿಸ್ಥಿತಿ ನೋಡೋಣ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 83.89 ಪರ್ಸೆಂಟ್ ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯ್ತು. ಗ್ರೇಸ್ ಅಂಕ ಕೊಟ್ಟ ಮೇಲೂ ಫಲಿತಾಂಶ 73.40ಕ್ಕೆ ಇಳಿಯಿತು. 2025ರ ಪರೀಕ್ಷೆ-1ರಲ್ಲಿ 66.14. ಅಂದ್ರೆ ಪರೀಕ್ಷೆ ಬರೆದ ಮೂವರಲ್ಲಿ ಒಬ್ಬರು ಮೊದಲ ಸಲಕ್ಕೆ ದಾಟಲಿಲ್ಲ. ಅದೇ ವರ್ಷ ದಕ್ಷಿಣ ಕನ್ನಡ 91 ದಾಟಿದ್ರೆ ನಮ್ಮ ಕಲ್ಯಾಣ ಕರ್ನಾಟಕದ ಕಲಬುರಗಿ 42ರ ಆಸುಪಾಸಲ್ಲಿ ಕೊನೆಗೆ ನಿಂತಿತ್ತು. ಈ ಅಂತರಕ್ಕೆ ಮಕ್ಕಳ ಬುದ್ಧಿ ಕಾರಣ ಅಂತ ಯಾರಾದ್ರೂ ಹೇಳಿದ್ರೆ ನಾನಂತೂ ಒಪ್ಪಲ್ಲ. ಪಕ್ಕದಲ್ಲಿ ಕೂತು ಕೇಳೋರು ಎಷ್ಟು ಜನ ಇದ್ದಾರೆ, ಓದೋಕೆ ಎಷ್ಟು ಗಂಟೆ ಬಿಡ್ತಾರೆ, ಇದರ ಮೇಲೆ ಬಹಳಷ್ಟು ನಿಂತಿದೆ.

2025-26ನೇ ಸಾಲಿನಿಂದ ಒಂದು ನಿಯಮ ಬದಲಾಗಿದೆ. ಅದನ್ನ ಅರ್ಧಂಬರ್ಧ ಕೇಳಿಸ್ಕೊಂಡು "ಮೂವತ್ತು ಬಂದ್ರೆ ಸಾಕು ಬಿಡಣ್ಣ" ಅನ್ನೋ ಹುಡುಗರು ಬೇಕಾದಷ್ಟಿದ್ದಾರೆ. ನಿಜ ಏನಂದ್ರೆ, ಪ್ರತಿ ವಿಷಯದಲ್ಲೂ ಕನಿಷ್ಠ 30 ಪರ್ಸೆಂಟ್ ಬರಬೇಕು, ಅದರ ಜೊತೆಗೆ ಒಟ್ಟು 625ಕ್ಕೆ 206 ಆಗಬೇಕು. ಎಲ್ಲಾ ವಿಷಯದಲ್ಲೂ ಬರೀ ಮೂವತ್ತು ಪರ್ಸೆಂಟ್ ತಗೊಂಡ್ರೆ ಒಟ್ಟು 188ರ ಹತ್ತಿರ ನಿಲ್ತದೆ. ಇನ್ನೂ 18 ಅಂಕ ಬೇಕು. ಆ ಹದಿನೆಂಟು ಎಲ್ಲಿಂದ ಬರಬೇಕು ಅನ್ನೋದನ್ನ ತಮ್ಮನ ಜೊತೆ ಕೂತು ಈಗಲೇ ಲೆಕ್ಕ ಹಾಕಿ. ಪ್ರಥಮ ಭಾಷೆ 125 ಅಂಕದ್ದು, ಉಳಿದ ಐದು ನೂರು-ನೂರರದ್ದು. ಆಂತರಿಕ ಅಂಕ ಪ್ರಥಮ ಭಾಷೆಗೆ 25, ಉಳಿದವಕ್ಕೆ 20. ಪ್ರಾಜೆಕ್ಟ್ ನೋಟ್‌ಬುಕ್ ಶಾಲೆಗೆ ಕೊಟ್ಟಾಯ್ತಾ, ಪೂರ್ತಿ ಆಗಿದೆಯಾ? ಇದನ್ನ ಇವತ್ತು ರಾತ್ರಿನೇ ಕೇಳಿ.

ಪ್ರಥಮ ಭಾಷೆ ಅಂದಾಗ ನಮ್ಮ ಗಡಿ ಭಾಗದ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ತೆಲುಗು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ. ಮಾತಾಡೋಕೆ ತೊಂದರೆ ಇಲ್ಲ, ಬರೆಯೋಕೆ ಕೂತರೆ ಒತ್ತಕ್ಷರ ಕೈಕೊಡ್ತವೆ. ವಾಟ್ಸಾಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡೋ ಅಭ್ಯಾಸ ಬೇರೆ. ಅತಿ ಹೆಚ್ಚು ಅಂಕದ ಪೇಪರ್‌ನ ಮಕ್ಕಳು "ಕನ್ನಡ ಅಲ್ವಾ, ಬರುತ್ತೆ" ಅಂತ ಕೊನೆಗೆ ತಳ್ತಾರೆ. ದಿನಕ್ಕೊಂದು ಪತ್ರ ಅಥವಾ ಅರ್ಧ ಪುಟ ಪ್ರಬಂಧ, ಪೆನ್ನು ಹಿಡಿದು ಬರೀಲಿ. ನೀವು ತಪ್ಪಿಗೆ ಬರೀ ಗೆರೆ ಎಳೆಯಿರಿ, ಸರಿ ಅಕ್ಷರ ಯಾವುದು ಅಂತ ಅವಳೇ ಪುಸ್ತಕದಲ್ಲಿ ಹುಡುಕಲಿ.

ಈಗ ಓದಿಸೋ ವಿಷಯ. "ನನಗೇ ಗಣಿತ ಬರಲ್ಲ, ನಾನೇನು ಹೇಳ್ಕೊಡ್ಲಿ" ಅಂತೀರಿ. ಹೇಳ್ಕೊಡೋದು ಬೇಡ, ಕೇಳಿದ್ರೆ ಸಾಕು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದ್ರು. ಒಂದು ಗುಂಪು ಪಾಠವನ್ನ ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಹಾಳೆ ಮುಚ್ಚಿಟ್ಟು ನೆನಪಿದ್ದದ್ದನ್ನ ಬರೆಯಿತು. ಐದು ನಿಮಿಷದ ನಂತರ ಎರಡು ಸಲ ಓದಿದವರೇ ಮುಂದಿದ್ರು. ವಾರದ ನಂತರ ನೋಡಿದ್ರೆ ಓದಿದವರಿಗೆ ನೆನಪಿದ್ದದ್ದು ಸುಮಾರು 42 ಪರ್ಸೆಂಟ್, ಮುಚ್ಚಿಟ್ಟು ಬರೆದವರಿಗೆ 56. ನಿಮ್ಮ ತಂಗಿ ಗೈಡ್ ಹಿಡ್ಕೊಂಡು ಹತ್ತು ಸಲ ಓದಿ "ಎಲ್ಲಾ ಬಂತು" ಅನ್ನೋದು ಆ ಐದು ನಿಮಿಷದ ಭ್ರಮೆ. ಪುಸ್ತಕ ನಿಮ್ಮ ಕೈಗೆ ತಗೊಳ್ಳಿ. "ಹೃದಯದ ಚಿತ್ರ ಬರೆದು ಭಾಗ ಗುರುತಿಸು." "ಥೇಲ್ಸ್ ಪ್ರಮೇಯದ ಹೇಳಿಕೆ ಹೇಳು, ಆಮೇಲೆ ಸಾಧನೆ ಬರೆ." ಪುಸ್ತಕದ ಜೊತೆ ಹೋಲಿಸಿ ನೋಡೋಕೆ ನಿಮಗೆ ಗಣಿತ ಬರಬೇಕಾಗಿಲ್ಲ. ಓದು ಬಾರದ ಅವ್ವನೂ ರೊಟ್ಟಿ ತಟ್ತಾ ಸಮಾಜ ವಿಜ್ಞಾನದ ಪಾಠವನ್ನ ಕಥೆ ಥರ ಕೇಳಬಹುದು. ಮಗು ಎಲ್ಲಿ ತಡವರಿಸ್ತು ಅನ್ನೋದು ಅವ್ವನಿಗೆ ಗೊತ್ತಾಗಿಯೇ ಆಗ್ತದೆ.

ಫೋನ್ ವಿಚಾರಕ್ಕೆ ಬಂದ್ರೆ, ಮನೆಗೆಲ್ಲ ಇರೋ ಒಳ್ಳೆ ಫೋನ್ ನಿಮ್ಮದೇ, ಅಲ್ವಾ? ಮಾದರಿ ಪ್ರಶ್ನೆಪತ್ರಿಕೆಗಳು ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ವೆಬ್‌ಸೈಟ್‌ನಲ್ಲೇ ಪುಕ್ಕಟೆ ಸಿಗ್ತವೆ. ಡೌನ್‌ಲೋಡ್ ಮಾಡಿ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಕೈಗೆ ಕೊಡಿ. ಫೋನ್ ಕೊಡಬೇಡಿ. ಪಿಡಿಎಫ್ ನೋಡ್ತೀನಿ ಅಂತ ತಗೊಂಡ ಫೋನ್ ಹತ್ತು ನಿಮಿಷಕ್ಕೆ ರೀಲ್ಸ್‌ಗೆ ಹೋಗ್ತದೆ, ನಿಮಗೂ ಗೊತ್ತು, ನನಗೂ ಗೊತ್ತು. ವಾರಕ್ಕೊಂದು ಪತ್ರಿಕೆಯನ್ನ ಗಡಿಯಾರ ಇಟ್ಟು ಬರೆಸಿ. ಪರೀಕ್ಷೆಯಲ್ಲಿ ಮೊದಲ 15 ನಿಮಿಷ ಪ್ರಶ್ನೆ ಓದೋಕೆ ಅಂತಲೇ ಇರ್ತದೆ, ಅದನ್ನೂ ಅಭ್ಯಾಸ ಮಾಡಿಸಿ.

ಇನ್ನು ನಮ್ಮ ಭಾಗದ ದೊಡ್ಡ ಪ್ರಶ್ನೆ: ಮೆಣಸಿನಕಾಯಿ. ಪರೀಕ್ಷೆಗೆ ಮುಂಚಿನ ಈ ದಿನಗಳೇ ಕಾಯಿ ಬಿಡಿಸೋ ಹಂಗಾಮು. ಸಿರುಗುಪ್ಪ ಕಡೆ ನನಗೆ ಪರಿಚಯದ ಒಂದು ಮನೆ. ಹುಡುಗಿ ಹತ್ತನೇ ಕ್ಲಾಸು, ವಾರದಲ್ಲಿ ಮೂರು ದಿನ ಹೊಲಕ್ಕೆ. ಅಣ್ಣ ಬಳ್ಳಾರಿಯಲ್ಲಿ ಜೀನ್ಸ್ ಹೊಲಿತಾನೆ. ಅವನು ಅವ್ವನ ಹತ್ರ ಜಗಳಕ್ಕೆ ಹೋದ್ರೆ ಅವ್ವ ಕೇಳಿದ್ದು ಒಂದೇ: "ಪರೀಕ್ಷಿ ಮುಗಿಯೋತನಕ ಕಾಯಿ ನಿಲ್ತೈತೇನಪ್ಪಾ?" ಆ ಪ್ರಶ್ನೆಗೆ "ಶಿಕ್ಷಣ ಮುಖ್ಯ" ಅನ್ನೋ ಭಾಷಣ ಉತ್ತರ ಆಗಲ್ಲ. ಅದು ಕೂಲಿಯ ಲೆಕ್ಕ. ಅವನೂ ಲೆಕ್ಕದಲ್ಲೇ ಮಾತಾಡಿದ. ಭಾನುವಾರ ತಾನು ಊರಿಗೆ ಬಂದು ಹೊಲಕ್ಕೆ ಹೋಗ್ತೀನಿ, ಉಳಿದ ಎರಡು ದಿನದ ಕೂಲಿಯಲ್ಲಿ ಅರ್ಧ ತಾನು ಕೊಡ್ತೀನಿ, ತಂಗಿ ಶಾಲೆ ತಪ್ಪಿಸಬಾರದು. ಅವ್ವ ಒಪ್ಪಿದಳು. ಎಲ್ಲರಿಗೂ ಹೀಗೆ ಮಾಡೋ ಶಕ್ತಿ ಇರಲ್ಲ, ನಿಜ. ಆದರೆ ಹೊಲಕ್ಕೆ ಹೋಗೋದನ್ನ ಎಂಟು ವಾರ ಕಮ್ಮಿ ಮಾಡೋಕೆ ಮನೆಯಲ್ಲಿ ಯಾರು ಎಷ್ಟು ಹೊರಬಹುದು ಅನ್ನೋ ಮಾತು ಎತ್ತೋಕೆ ನೀವೇ ಸರಿಯಾದ ಜನ.

ಹಬ್ಬಗಳ ಲೆಕ್ಕವನ್ನೂ ಇಟ್ಕೊಳ್ಳಿ. 2026ರಲ್ಲಿ ಪರೀಕ್ಷೆ-1 ಮಾರ್ಚ್ 18ರಿಂದ ಏಪ್ರಿಲ್ 2ರವರೆಗೆ. ಹೋಳಿ ಹುಣ್ಣಿಮೆ ಹೊತ್ತಿಗೆ ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ಜಾತ್ರೆ. ಮೊದಲ ಪೇಪರ್ ಮುಗಿದ ಮರುದಿನವೇ ಯುಗಾದಿ, ಅದರ ಬೆನ್ನಿಗೇ ರಂಜಾನ್. ತೇರು ನೋಡಬೇಡ ಅಂತ ಮಗುವನ್ನ ಕೂಡಿಹಾಕೋದು ಕ್ರೂರತನ, ಒಂದು ಸಂಜೆ ಹೋಗಿಬರಲಿ. ಮನೆಗೆ ಬರೋ ನೆಂಟರಿಗೆ ಮಾತ್ರ ಮೊದಲೇ ಫೋನ್ ಮಾಡಿ ಹೇಳಿಬಿಡಿ. ರೋಜಾ ಇರೋ ಮಕ್ಕಳಿದ್ದರೆ ಸಹರಿ ಆದ ಮೇಲಿನ ತಂಪು ಹೊತ್ತು ಓದಿಗೆ ಚಿನ್ನದಂಥ ಸಮಯ, ಮಧ್ಯಾಹ್ನ ಒಂದು ನಿದ್ದೆ ಮಾಡಲಿ. ಬೇರೆಯವರಿಗೂ ಅಷ್ಟೇ. ನಮ್ಮ ಮಾರ್ಚ್ ಬಿಸಿಲಲ್ಲಿ ಮಧ್ಯಾಹ್ನ ತಗಡಿನ ಕೆಳಗೆ ಕೂರಿಸಿ ಓದಿಸಿದ್ರೆ ತಲೆಗೆ ಹೋಗೋದು ಬೆವರು ಮಾತ್ರ. ನಸುಕಿನಲ್ಲಿ ಮಾಳಿಗೆ ಮೇಲೆ ಓದಲಿ, ಆದರೆ ರಾತ್ರಿ ಬೇಗ ಮಲಗಲಿ. ಈ ವಯಸ್ಸಿಗೆ ಎಂಟು ಗಂಟೆ ನಿದ್ದೆ ಬೇಕೇ ಬೇಕು. ಹಾಂ, ಪರೀಕ್ಷೆ ದಿನ ಬೆಳಿಗ್ಗೆ ಒಗ್ಗರಣೆ ಓಕೆ, ಮಿರ್ಚಿ ಬೇಡ.

ಹೋಲಿಕೆ ಮಾಡಿ ಬೈಯೋದನ್ನ ಮನೆಯಲ್ಲಿ ನೀವೇ ತಡೀಬೇಕು. ಮಗು ಊಟ ಬಿಟ್ಟಿದ್ದರೆ, ನಿದ್ದೆ ಮಾಡ್ತಿಲ್ಲ ಅಂದ್ರೆ, "ನಾನು ಇರಬಾರದು" ಅನ್ನೋ ಥರ ಮಾತಾಡಿದ್ರೆ ಅದನ್ನ ನಾಟಕ ಅನ್ನಬೇಡಿ. ಒಂಟಿಯಾಗಿ ಬಿಡದೆ ಪಕ್ಕದಲ್ಲೇ ಇದ್ದು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗೆ 1098 ಕೂಡ ಇದೆ.

ಕೊನೆಯದಾಗಿ ಫಲಿತಾಂಶದ ದಿನ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಶುರುವಾಗಿದ್ದವು. ಮೊದಲನೆಯದರಲ್ಲಿ ಹೋದ ವಿಷಯವನ್ನಷ್ಟೇ ಪರೀಕ್ಷೆ-2ರಲ್ಲಿ ಬರೀಬಹುದು. ಪಾಸಾದವರೂ ಅಂಕ ಹೆಚ್ಚಿಸ್ಕೊಳ್ಳೋಕೆ ಬರೀಬಹುದು, ಇರೋದರಲ್ಲಿ ಹೆಚ್ಚಿನ ಅಂಕವೇ ಉಳೀತದೆ. ಇದು ಗೊತ್ತಿಲ್ಲದ ಮನೆಗಳಲ್ಲಿ ಒಂದು ವಿಷಯ ಹೋದ ಹುಡುಗ ವಾರದೊಳಗೆ ಗ್ಯಾರೇಜಿಗೆ ಸೇರ್ತಾನೆ, ಹುಡುಗಿಗೆ ಗಂಡು ನೋಡೋ ಮಾತು ಶುರುವಾಗ್ತದೆ. ನೋಂದಣಿಗೆ ಸಿಗೋದು ಕೆಲವೇ ದಿನ. ಹಾಗಾಗಿ ಫಲಿತಾಂಶ ಬಂದ ಮಾರನೇ ದಿನ ಬೆಳಿಗ್ಗೆ ತಮ್ಮನನ್ನೋ ತಂಗಿಯನ್ನೋ ಗಾಡಿ ಮೇಲೆ ಕೂರಿಸ್ಕೊಂಡು ನೀವೇ ಶಾಲೆಗೆ ಹೋಗಿ. ಹೆಡ್‌ಮಾಸ್ಟರ್ ಹತ್ರ ಎರಡು ವಿಷಯ ಕೇಳಿ: ಪರೀಕ್ಷೆ-2ಕ್ಕೆ ಹೆಸರು ಹಾಕೋಕೆ ಕೊನೇ ದಿನ ಯಾವುದು, ವಿಶೇಷ ತರಗತಿ ಯಾವಾಗಿಂದ. ಅಂಕಗಳ ಬಗ್ಗೆ ಅನುಮಾನ ಇದ್ದರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೂ ಅಲ್ಲೇ ವಿಚಾರಿಸಿ.