ನಿಂತಲ್ಲೇ ಸಾಯುತ್ತಿದ್ದ ಫ್ರಿಜ್

1823ರ ಮಾರ್ಚ್ ತಿಂಗಳು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೆಲ್ ಫ್ಯಾರಡೆ ಕ್ಲೋರಿನ್ ಮತ್ತು ನೀರು ಸೇರಿದ ಹರಳುಗಳನ್ನು ಗಾಜಿನ ಕೊಳವೆಗೆ ತುಂಬಿ, ಬಾಯಿ ಬೆಸೆದು, ಮೆಲ್ಲಗೆ ಕಾಯಿಸುತ್ತಿದ್ದ. ನೋಡಲು ಬಂದಿದ್ದ ಪ್ಯಾರಿಸ್ ಎಂಬ ವೈದ್ಯನ ಕಣ್ಣಿಗೆ ಕೊಳವೆಯೊಳಗೆ ಎಣ್ಣೆಯಂಥದ್ದೇನೋ ಬಿತ್ತು. ಕೊಳಕು ಕೊಳವೆಯಲ್ಲಿ ಯಾರಾದರೂ ಪ್ರಯೋಗ ಮಾಡುತ್ತಾರೆಯೇ ಎಂದು ಆತ ಛೇಡಿಸಿದ. ಫ್ಯಾರಡೆ ತುದಿಯನ್ನು ಅರದಿಂದ ಉಜ್ಜಿ ತೆರೆಯಹೋದ. ಕೊಳವೆ ಸಿಡಿಯಿತು, ಎಣ್ಣೆ ಮಾಯವಾಯಿತು. ಮರುದಿನ ಆ ವೈದ್ಯನಿಗೆ ಫ್ಯಾರಡೆಯ ಚೀಟಿ ಬಂತು: ಆ ಎಣ್ಣೆ ದ್ರವರೂಪದ ಕ್ಲೋರಿನ್ ಆಗಿತ್ತು!

ಆಮೇಲೆ ಫ್ಯಾರಡೆ ಸುಮ್ಮನಿರಲಿಲ್ಲ. ಒಂದಾದ ಮೇಲೊಂದು ಅನಿಲವನ್ನು ಕೊಳವೆಯಲ್ಲಿ ಕಟ್ಟಿಹಾಕಿದ. ಅದೇ ತಿಂಗಳು ಇನ್ನೊಂದು ಕೊಳವೆ ಸಿಡಿದು ಅವನ ಕಣ್ಣಿನಿಂದ 13 ಗಾಜಿನ ಚೂರುಗಳನ್ನು ತೆಗೆಯಬೇಕಾಯಿತು. ಆದರೂ ಅವನು ಬಿಡಲಿಲ್ಲ. ಅಮೋನಿಯವನ್ನು ಹೀರಿಕೊಂಡ ಬೆಳ್ಳಿಯ ಕ್ಲೋರೈಡ್ ಪುಡಿಯನ್ನು ಬಾಗಿದ ಕೊಳವೆಯ ಒಂದು ತುದಿಯಲ್ಲಿಟ್ಟು ಕಾಯಿಸಿದ. ಇನ್ನೊಂದು ತುದಿಯಲ್ಲಿ ಅಮೋನಿಯ ದ್ರವವಾಗಿ ನಿಂತಿತು. ಉರಿ ತೆಗೆದಾಗ ನಿಜವಾದ ಅಚ್ಚರಿ ಕಾದಿತ್ತು. ತಣಿದ ಪುಡಿ ಅಮೋನಿಯವನ್ನು ಮತ್ತೆ ಎಳೆದುಕೊಳ್ಳತೊಡಗಿತು, ದ್ರವ ಕುದಿಯಿತು, ಅದಿದ್ದ ತುದಿ ಕೊರೆಯುವಷ್ಟು ತಣ್ಣಗಾಯಿತು. ಬೆಂಕಿ ಹಚ್ಚಿದ್ದರಿಂದಲೇ ಚಳಿ ಹುಟ್ಟಿತ್ತು.

ಆ ಚಳಿಯನ್ನು ಕೆಲಸಕ್ಕೆ ಹಚ್ಚಿದವನು ಫ್ರಾನ್ಸಿನ ಫರ್ಡಿನಾಂಡ್ ಕಾರೆ. 1859ರಲ್ಲಿ ಅವನು ಪುಡಿಯ ಬದಲು ನೀರು ಬಳಸಿದ. ನೀರು ಅಮೋನಿಯವನ್ನು ಆಸೆಯಿಂದ ಕುಡಿಯುತ್ತದೆ, ಕಾಯಿಸಿದರೆ ಬಿಟ್ಟುಕೊಡುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಮಂಜುಗಡ್ಡೆ ಬರುವುದು ನಿಂತಾಗ ದಕ್ಷಿಣದ ರಾಜ್ಯಗಳು ಕಾರೆಯ ಯಂತ್ರವನ್ನು ಕದ್ದುಮುಚ್ಚಿ ತರಿಸಿಕೊಂಡವು. ಯಂತ್ರವೇನೋ ಗೆದ್ದಿತು. ಆದರೆ ಅದಕ್ಕೊಂದು ಪಂಪ್ ಬೇಕಿತ್ತು. ತಂಪಾಗುವ ಕಡೆ ಒತ್ತಡ ಕಡಿಮೆ, ಕಾಯುವ ಕಡೆ ಹೆಚ್ಚು. ನಡುವೆ ದ್ರಾವಣವನ್ನು ನೂಕುವವರು ಯಾರಾದರೂ ಇರಲೇಬೇಕಲ್ಲ! ಪಂಪ್ ಇದ್ದಲ್ಲಿ ಸದ್ದು, ಸವೆತ, ಸೋರಿಕೆ. ಇಂಥದ್ದನ್ನು ಅಡುಗೆಮನೆಗೆ ಯಾರು ಒಯ್ಯುತ್ತಾರೆ?

1899ರಲ್ಲಿ ಗೆಪರ್ಟ್ ಎಂಬ ಜರ್ಮನ್ ಒಂದು ಜಾಣ ಉಪಾಯ ಹೂಡಿದ. ತಂಪಾಗುವ ಕಡೆ ಬೇರೊಂದು ಅನಿಲ ತುಂಬಿ ಎರಡೂ ಕಡೆಯ ಒಟ್ಟು ಒತ್ತಡವನ್ನು ಸಮ ಮಾಡಿಬಿಟ್ಟರೆ ಪಂಪ್ ಏಕೆ? ಉಪಾಯ ಸರಿಯಿತ್ತು, ಆರಿಸಿಕೊಂಡ ಅನಿಲ ಸರಿಯಿರಲಿಲ್ಲ. ಅವನು ತುಂಬಿದ್ದು ಗಾಳಿ. ಅಮೋನಿಯಕ್ಕಿಂತ ಭಾರವಾದ ಗಾಳಿ ತಾನಾಗಿ ಸುತ್ತಲಿಲ್ಲ. ಗುರಿ ಕೈಗೆಟಕುವಷ್ಟು ಹತ್ತಿರ ಬಂದು ಅವನು ಸೋತ.

1922ರಲ್ಲಿ ಸ್ಟಾಕ್‌ಹೋಮ್‌ನ ರಾಯಲ್ ತಾಂತ್ರಿಕ ವಿದ್ಯಾಲಯದಲ್ಲಿ ಇಬ್ಬರು ವಿದ್ಯಾರ್ಥಿಗಳು ಇದೇ ಗಂಟನ್ನು ಹಿಡಿದು ಕೂತರು. ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಇಬ್ಬರಿಗೂ ಇನ್ನೂ ಇಪ್ಪತ್ತೈದರ ಆಚೀಚೆ. ಬಯಸಿದ್ದು ಮಾತ್ರ ದೊಡ್ಡದು: ಮೋಟಾರ್ ಇಲ್ಲದ, ಪಂಪ್ ಇಲ್ಲದ, ತಿರುಗುವ ಒಂದೇ ಒಂದು ಭಾಗವೂ ಇಲ್ಲದ ಫ್ರಿಜ್. ಗಾಳಿ ಸೋತ ಜಾಗಕ್ಕೆ ಅವರು ಹೈಡ್ರೋಜನ್ ತಂದರು, ಎಲ್ಲ ಅನಿಲಗಳಲ್ಲಿ ಹಗುರವಾದದ್ದನ್ನು. ಅಮೋನಿಯ ಬೆರೆತ ಹೈಡ್ರೋಜನ್ ಭಾರವಾಗಿ ಕೆಳಗಿಳಿಯಿತು. ಅಮೋನಿಯವನ್ನು ನೀರು ಹೀರಿಕೊಂಡ ಮೇಲೆ ಹಗುರವಾಗಿ ಮೇಲೇರಿತು. ಉರಿಗೆ ಎದ್ದ ಗುಳ್ಳೆಗಳೇ ದ್ರಾವಣವನ್ನು ಸಣ್ಣ ಕೊಳವೆಯಲ್ಲಿ ಮೇಲಕ್ಕೆತ್ತಿದವು. ಅಲ್ಲಿಂದ ಅದು ಇಳಿಜಾರಿನಲ್ಲಿ ಹರಿದು ಕೆಳಗೆ ಬಂತು. ಒಂದು ಚಿಕ್ಕ ಉರಿ, ಉಳಿದದ್ದೆಲ್ಲ ಭೂಮಿಯ ಸೆಳೆತ. ಅರವತ್ತು ವರ್ಷ ಎಲ್ಲರನ್ನೂ ಕಾಡಿದ ಪಂಪ್ ಕೊನೆಗೂ ಮಾಯವಾಗಿತ್ತು. ಒಂದು ಅನಿಲದ ಆಯ್ಕೆಯಲ್ಲಿ ಇಷ್ಟೆಲ್ಲ ಅಡಗಿತ್ತೆಂಬುದು ಇಂದಿಗೂ ಮೈ ಜುಮ್ಮೆನಿಸುವ ಸಂಗತಿ.

ವ್ಯಾಕ್ಯೂಮ್ ಕ್ಲೀನರ್ ಮಾರುತ್ತಿದ್ದ ಎಲೆಕ್ಟ್ರೋಲಕ್ಸ್ 1925ರಲ್ಲಿ ಈ ಆವಿಷ್ಕಾರವನ್ನು ಕೊಂಡಿತು. ಅದೇ ಕಾಲಕ್ಕೆ ಬರ್ಲಿನ್‌ನಲ್ಲಿ ಐನ್‌ಸ್ಟೈನ್ ಮತ್ತು ಲಿಯೋ ಸಿಲಾರ್ಡ್ ಕೂಡ ಚಲಿಸುವ ಭಾಗಗಳಿಲ್ಲದ ಫ್ರಿಜ್‌ಗಾಗಿ ಹೆಣಗುತ್ತಿದ್ದರು. ಅವರ ಫ್ರಿಜ್ ಅಂಗಡಿ ಮುಟ್ಟಲಿಲ್ಲ. ಸ್ವೀಡನ್ನಿನ ಹುಡುಗರದ್ದು ಜಗತ್ತು ಸುತ್ತಿತು. ಕರೆಂಟ್ ಇಲ್ಲದ ಊರುಗಳಲ್ಲಿ ಅದು ಸೀಮೆಎಣ್ಣೆಯ ಉರಿಯ ಮೇಲೆ ಲಸಿಕೆ ಕಾಯ್ದಿತು.

ಹಾಗೆಯೇ ಅದು ಗಾಲಿಯ ಮೇಲಿನ ಮನೆಗಳನ್ನೂ ಸೇರಿತು. ಉಗಾರ, ರಾಯಬಾಗದ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಕಬ್ಬಿನ ಟ್ರೇಲರ್ ಎಳೆಯುವಂತೆ ಅಮೆರಿಕದಲ್ಲಿ ಕಾರುಗಳು ಹಾಸಿಗೆ, ಒಲೆ, ಫ್ರಿಜ್ ಸಮೇತ ಟ್ರೇಲರ್ ಮನೆಗಳನ್ನು ಎಳೆದುಕೊಂಡು ಹೊರಟವು. ಗ್ಯಾಸ್ ಸಿಲಿಂಡರ್ ಇದ್ದರೆ ಕಾಡಿನಲ್ಲೂ ಹಾಲು ಕೆಡುತ್ತಿರಲಿಲ್ಲ. ಆದರೆ ಈ ಟ್ರೇಲರ್‌ಗಳು ಹಳತಾಗಿ ಕೈಯಿಂದ ಕೈಗೆ ಹೋದಂತೆ ಒಂದು ಒಗಟು ಎದ್ದಿತು. ನೂರಾರು ಮೈಲಿ ಗುಂಡಿ ರಸ್ತೆಯಲ್ಲಿ ಕುಲುಕಾಡಿದರೂ ಏನೂ ಆಗದ ಫ್ರಿಜ್, ಮರದ ನೆರಳಲ್ಲಿ ನಿಲ್ಲಿಸಿದ ಮೇಲೆ ಸಾಯುತ್ತಿತ್ತು. ಉರಿ ಉರಿಯುತ್ತಿತ್ತು, ಹಿಂಬದಿ ಬಿಸಿಯಾಗುತ್ತಿತ್ತು, ಒಳಗೆ ಮಾತ್ರ ತಂಪಿಲ್ಲ. ಹೊಸ ಬರ್ನರ್ ಹಾಕಿದರೂ, ಥರ್ಮೋಸ್ಟಾಟ್ ಬದಲಿಸಿದರೂ ಫಲವಿಲ್ಲ.

ರಿಪೇರಿಯವರ ನಡುವೆ ಒಂದು ವಿಚಿತ್ರ ಚಿಕಿತ್ಸೆ ಹಬ್ಬಿತು. ಫ್ರಿಜ್ ಬಿಚ್ಚಿ, ಹೊರಗೆ ತಂದು, ತಲೆಕೆಳಗಾಗಿ ನಿಲ್ಲಿಸಿ, ಕೆಲವು ಗಂಟೆ ಬಿಡುವುದು. ಒಳಗೆ ಗುಳುಗುಳು ಸದ್ದು. ಮತ್ತೆ ನೆಟ್ಟಗೆ ನಿಲ್ಲಿಸಿ, ಒಂದು ದಿನ ಬಿಟ್ಟು ಉರಿ ಹಚ್ಚುವುದು. ಕೆಲವು ಜೀವ ತಳೆದವು, ಕೆಲವು ಏಳಲೇ ಇಲ್ಲ. ಜೀವ ತಳೆದವುಗಳಲ್ಲೂ ಹಲವು ಮತ್ತೆ ಮಲಗಿದವು.

ಕಾರಣ ಕೊಳವೆಗಳ ಆ ಸಣ್ಣ ಇಳಿಜಾರಿನಲ್ಲೇ ಇತ್ತು. ಚಲಿಸುವಾಗ ಗಾಡಿ ಅತ್ತಿತ್ತ ಓಲಾಡುವುದರಿಂದ ದ್ರವ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಓರೆಯಾಗಿ ನಿಂತಾಗ ಮಾತ್ರ ಅದು ಒಂದು ಮೂಲೆಯಲ್ಲಿ ಮಡುಗಟ್ಟಿ, ಉರಿಯ ಮೇಲಿನ ಕೊಳವೆ ಬರಿದಾಗಿ ಮಿತಿಮೀರಿ ಕಾಯುತ್ತಿತ್ತು. ಉಕ್ಕಿಗೆ ತುಕ್ಕು ಹಿಡಿಯದಿರಲೆಂದು ದ್ರಾವಣದಲ್ಲಿ ಬೆರೆಸಿದ ಸೋಡಿಯಂ ಕ್ರೋಮೇಟ್ ಆಗ ಗಟ್ಟಿಯಾಗಿ, ಗುಳ್ಳೆಗಳು ಏರುವ ಸಣ್ಣ ದಾರಿಯನ್ನು ಮುಚ್ಚುತ್ತಿತ್ತು. ತಲೆಕೆಳಗು ಮಾಡಿದಾಗ ಸಡಿಲ ಕಸ ಕದಲುತ್ತಿತ್ತು, ಸುಟ್ಟು ಅಂಟಿದ್ದು ಕದಲುತ್ತಿರಲಿಲ್ಲ. ಹಿಂಬದಿಯಲ್ಲಿ ಹಳದಿ ಪುಡಿ ಕಂಡು ಅಮೋನಿಯದ ಘಾಟು ಬಂದರೆ ಕೊಳವೆ ಒಡೆದಿದೆ ಎಂದೇ ಅರ್ಥ. ಆಗ ಹಿಂದಿನ ಕೊಳವೆಜಾಲವನ್ನೇ ಬದಲಿಸಬೇಕು, ಇಲ್ಲವೇ ಬ್ಯಾಟರಿಯಲ್ಲಿ ನಡೆಯುವ ಕಂಪ್ರೆಸರ್ ಫ್ರಿಜ್ ಕೂರಿಸಬೇಕು. ಅದು ಓರೆಯನ್ನು ಹೆಚ್ಚು ಸಹಿಸುತ್ತದೆ. ನಿಪ್ಪಾಣಿ ಬಳಿಯ ಸ್ತವನಿಧಿ ಘಟ್ಟದಲ್ಲಿ ರಾತ್ರಿ ತಂಗುವ ಗಾಡಿಯಲ್ಲಿ ಹಳೆಯ ಬಗೆಯ ಫ್ರಿಜ್ ಇದ್ದರೆ, ಉರಿ ಹಚ್ಚುವ ಮೊದಲು ಗೌಂಡಿಯ ರಸಮಟ್ಟವನ್ನು ಗಾಡಿಯ ನೆಲದ ಮೇಲಿಟ್ಟು ನೋಡಿ, ತಗ್ಗಿದ ಗಾಲಿಯ ಕೆಳಗೆ ಹಲಗೆ ಕೊಡಬೇಕು.