ಕಂಡವರಾರು, ಹಿಡಿದವರಾರು?
(ಬಾನುಲಿ ಭಾಷಣ)

ಕೆಲವು ವರ್ಷಗಳ ಹಿಂದೆ ಐದನೆಯ ತರಗತಿಯ ಮಕ್ಕಳಿಗೆ ಚರಿತ್ರೆಯ ಪಾಠ ಹೇಳುತ್ತಿದ್ದಾಗ ನಡೆದ ಸಂಗತಿ. ಅಂದಿನ ಪಾಠ ವಾಸ್ಕೋ ಡ ಗಾಮನದು. '1498ರಲ್ಲಿ ವಾಸ್ಕೋ ಡ ಗಾಮನು ಭಾರತಕ್ಕೆ ಸಮುದ್ರಮಾರ್ಗವನ್ನು ಕಂಡುಹಿಡಿದನು' ಎಂಬ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆದು ಸೀಮೆಸುಣ್ಣವನ್ನು ಕೆಳಗಿಟ್ಟಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಅದಕ್ಕೆ ಮೊದಲು ಆ ಸಮುದ್ರದಲ್ಲಿ ಯಾರೂ ಓಡಾಡುತ್ತಿರಲಿಲ್ಲವೆ?" ಎಂದು ಕೇಳಿದಳು. ಆ ಹೊತ್ತಿಗೆ ಏನೋ ಒಂದು ಸಮಾಧಾನ ಹೇಳಿ ಅವಳನ್ನು ಕೂರಿಸಿದೆ. ಆದರೆ ಅವಳ ಪ್ರಶ್ನೆ ನನ್ನನ್ನು ಕೂರಗೊಡಲಿಲ್ಲ.

'ಕಂಡುಹಿಡಿ' ಎಂಬುದು ನಮ್ಮ ಭಾಷೆಯ ವಿಚಿತ್ರವಾದ ಮಾತು. ಕಾಣುವುದು ಒಂದು ಕೆಲಸ, ಹಿಡಿಯುವುದು ಮತ್ತೊಂದು. ಎರಡನ್ನೂ ಸೇರಿಸಿ ಒಂದೇ ಕ್ರಿಯಾಪದ ಮಾಡಿಕೊಂಡಿದ್ದೇವೆ. ಔಷಧವನ್ನೋ ಯಂತ್ರವನ್ನೋ ಕುರಿತು ಆಡುವಾಗ ಈ ಮಾತಿನಿಂದ ಯಾರಿಗೂ ಬಾಧಕವಿಲ್ಲ. ಜನವಸತಿಯಿರುವ ನಾಡಿನ ಬಗೆಗೆ ಅದನ್ನೇ ಬಳಸಿದಾಗ, ಕಂಡದ್ದೆಷ್ಟು, ಹಿಡಿದದ್ದೆಷ್ಟು ಎಂದು ಮಕ್ಕಳಿಗೆ ಬಿಡಿಸಿ ಹೇಳುವ ಹೊಣೆ ಉಪಾಧ್ಯಾಯನ ಮೇಲೆ ಬೀಳುತ್ತದೆ. ಯುರೋಪಿನ ನಾವಿಕರ ಯಾನಗಳನ್ನು ಎಳೆಯರಿಗೆ ಹೇಗೆ ಹೇಳಬೇಕೆಂಬ ವಿಚಾರವನ್ನು ಗಾಮನ ಈ ಒಂದು ಯಾನವನ್ನೇ ಮುಂದಿಟ್ಟುಕೊಂಡು ಈಗ ಪರಿಶೀಲಿಸೋಣ.

ಮೊದಲು ಅವನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. 1497ರ ಜುಲೈ 8ರಂದು ಗಾಮನು ನಾಲ್ಕು ಹಡಗು, ಸುಮಾರು 170 ಜನರೊಡನೆ ಲಿಸ್ಬನ್ನಿನಿಂದ ಹೊರಟನು. ಆಫ್ರಿಕದ ದಡವನ್ನು ಹಿಡಿದೇ ಇಳಿದರೆ ಎದುರುಗಾಳಿ, ಎದುರು ಪ್ರವಾಹ. ಆದ್ದರಿಂದ ಅವನು ಕೇಪ್ ವರ್ಡ್ ದ್ವೀಪಗಳನ್ನು ಬಿಟ್ಟ ಮೇಲೆ ನೆಲಕ್ಕೆ ಬೆನ್ನು ತಿರುಗಿಸಿ, ಅಟ್ಲಾಂಟಿಕ್ ಸಾಗರದ ನಡುವೆ ದೊಡ್ಡದೊಂದು ಬಿಲ್ಲಿನಂತೆ ಬಾಗಿ, ಪಶ್ಚಿಮದ ಗಾಳಿಯನ್ನು ಹಿಡಿದು ಮತ್ತೆ ಆಫ್ರಿಕದ ದಕ್ಷಿಣ ತುದಿಯ ಕಡೆಗೆ ಬಂದನು. ಮೂರು ತಿಂಗಳ ಕಾಲ ಅವರ ಕಣ್ಣಿಗೆ ಮಣ್ಣು ಬೀಳಲಿಲ್ಲ. 1492ರಲ್ಲಿ ಕೊಲಂಬಸನು ಕೆನರಿ ದ್ವೀಪಗಳನ್ನು ಬಿಟ್ಟ ಮೇಲೆ ನೆಲ ಕಾಣದೆ ಕಳೆದದ್ದು ಐದು ವಾರ ಮಾತ್ರ. ಗೋಲದ ಮೇಲೆ ಒಂದು ದಾರವನ್ನಿಟ್ಟು ಈ ಬಾಗನ್ನು ತೋರಿಸಿದರೆ ಮಕ್ಕಳು ತಾವಾಗಿಯೇ ಉಸಿರು ಬಿಗಿಹಿಡಿಯುತ್ತಾರೆ. ಧೈರ್ಯವೆಂದರೇನೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ದಾರ ಆಫ್ರಿಕದ ತುದಿಯನ್ನು ಸುತ್ತಿ ಪೂರ್ವದ ಕರಾವಳಿಗೆ ಬಂದೊಡನೆ ಕಥೆಯ ಬಣ್ಣ ಬದಲಾಗುತ್ತದೆ. ಅಲ್ಲಿ ಗಾಮನಿಗೆ ಕಂಡದ್ದು ಶೂನ್ಯ ಸಮುದ್ರವಲ್ಲ. ಮೊಜಾಂಬಿಕ್, ಮೊಂಬಾಸ, ಮಲಿಂದಿ ಇವೆಲ್ಲ ತುಂಬಿದ ರೇವುಪಟ್ಟಣಗಳು. ಅಲ್ಲಿ ಅರಬರ ನೌಕೆಗಳಿದ್ದವು; ಗುಜರಾತಿನ ವರ್ತಕರಿದ್ದರು. ನೂರಾರು ವರ್ಷಗಳಿಂದ ಆ ಜನ ಮುಂಗಾರಿನ ಗಾಳಿಯಲ್ಲಿ ಈ ದಡಕ್ಕೆ ಬಂದು, ಹಿಂಗಾರಿನ ಗಾಳಿಯಲ್ಲಿ ಆ ದಡಕ್ಕೆ ಹಿಂದಿರುಗುತ್ತಿದ್ದರು. ಮಲಿಂದಿಯ ಅರಸನು ಗಾಮನಿಗೆ ಒಬ್ಬ ನುರಿತ ಚುಕ್ಕಾಣಿಗನನ್ನು ಕೊಟ್ಟನು. 1498ರ ಏಪ್ರಿಲ್ 24ರಂದು ಹೊರಟ ಹಡಗುಗಳು ಕೇವಲ 23 ದಿನಗಳಲ್ಲಿ ಅರಬ್ಬೀ ಸಮುದ್ರವನ್ನು ದಾಟಿದವು. ಮೇ 20ರಂದು ಕಲ್ಲಿಕೋಟೆಯ ಸಮೀಪ ಲಂಗರು ಬಿದ್ದಿತು. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ದಾರಿಯ ಮೊದಲರ್ಧವನ್ನು ಪೋರ್ಚುಗೀಸರು ಸ್ವಂತ ಸಾಹಸದಿಂದ ತೆರೆದರು. ಉಳಿದರ್ಧವನ್ನು ಕೇಳಿ ತಿಳಿದರು.

ಅವರಿಗೆ ದಾರಿ ಹೇಳಿದವರ ವಿದ್ಯೆ ಎಂತಹದೆಂಬುದನ್ನೂ ಮಕ್ಕಳಿಗೆ ತೋರಿಸಬಹುದು. ಆ ಸಮುದ್ರದ ನಾವಿಕರಲ್ಲಿ 'ಕಮಾಲ್' ಎಂಬ ಸರಳವಾದ ಉಪಕರಣವಿತ್ತು. ಅದು ಅಂಗೈಯಗಲದ ಒಂದು ಹಲಗೆ, ಅದರ ನಡುವೆ ಪೋಣಿಸಿದ ಗಂಟುಗಂಟಾದ ದಾರ. ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಹಲಗೆಯನ್ನು ಮುಂದಕ್ಕೆ ಚಾಚಿದಾಗ, ಹಲಗೆಯ ಕೆಳಗಿನ ಅಂಚು ದಿಗಂತಕ್ಕೂ ಮೇಲಿನ ಅಂಚು ಧ್ರುವನಕ್ಷತ್ರಕ್ಕೂ ಸರಿಹೊಂದಬೇಕು. ಒಂದೊಂದು ರೇವಿಗೆ ಒಂದೊಂದು ಗಂಟು. ಉತ್ತರಕ್ಕೆ ಸರಿದಷ್ಟೂ ನಕ್ಷತ್ರ ಮೇಲೇರುತ್ತದೆ, ದಕ್ಷಿಣಕ್ಕೆ ಸರಿದಷ್ಟೂ ಇಳಿಯುತ್ತದೆ. ಕಲ್ಲಿಕೋಟೆಯಲ್ಲಿ ಅದರ ಎತ್ತರ ಸುಮಾರು 11 ಡಿಗ್ರಿ, ಬೆಂಗಳೂರಿನಲ್ಲಿ 13, ಬೀದರಿನಲ್ಲಿ 18. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಹತ್ತು ಡಿಗ್ರಿಯಷ್ಟಾಗುತ್ತದೆ. ಒಂದು ಸಂಜೆ ಮಕ್ಕಳನ್ನು ಬಯಲಿಗೆ ಕರೆದೊಯ್ದು, ಧ್ರುವನಕ್ಷತ್ರ ದಿಗಂತದಿಂದ ಎಷ್ಟು ಮುಷ್ಟಿ ಮೇಲಿದೆಯೆಂದು ಎಣಿಸಲು ಹೇಳಿರಿ. ರಟ್ಟು, ದಾರ ಕೊಟ್ಟರೆ ಕಮಾಲನ್ನೂ ಅವರೇ ಮಾಡಿಕೊಳ್ಳುತ್ತಾರೆ. ಇಷ್ಟಾದ ಮೇಲೆ, ಯುರೋಪಿನವರು ಬರುವವರೆಗೆ ಇಲ್ಲಿಯ ಜನ ದಡದಲ್ಲಿ ಸುಮ್ಮನೆ ಕುಳಿತಿದ್ದರೆಂದು ಆ ಮಕ್ಕಳನ್ನು ನಂಬಿಸುವುದು ಯಾವ ಪುಸ್ತಕಕ್ಕೂ ಸಾಧ್ಯವಾಗದು.

ಕಲ್ಲಿಕೋಟೆಯ ಪ್ರಸಂಗವಂತೂ ನಾಟಕವಾಡಿಸಲು ಹೇಳಿ ಮಾಡಿಸಿದಂತಿದೆ. ಗಾಮನು ಮೊದಲು ದಡಕ್ಕೆ ಕಳುಹಿಸಿದ್ದು ಶಿಕ್ಷೆಗೊಳಗಾದ ಒಬ್ಬ ಅಪರಾಧಿಯನ್ನು. ಪೇಟೆಯಲ್ಲಿ ಅವನಿಗೆ ಎದುರಾದವರು ಟ್ಯುನಿಸಿನ ಇಬ್ಬರು ಮುಸಲ್ಮಾನ ವರ್ತಕರು. ಅವರಿಗೆ ಸ್ಪ್ಯಾನಿಷ್ ಭಾಷೆ ಬರುತ್ತಿತ್ತು! ಇಷ್ಟು ದೂರ ಏನು ಹುಡುಕಿಕೊಂಡು ಬಂದಿರೆಂದು ಶಪಿಸುತ್ತಲೇ ಅವರು ಕೇಳಿದರೆಂದೂ, ಕ್ರೈಸ್ತರನ್ನು ಮತ್ತು ಸಂಬಾರ ಪದಾರ್ಥಗಳನ್ನು ಎಂದು ಇವನು ಉತ್ತರಿಸಿದನೆಂದೂ ಆ ಯಾನದ ದಿನಚರಿ ತಿಳಿಸುತ್ತದೆ. ಭಾರತದಲ್ಲಿ ಕ್ರೈಸ್ತರಿದ್ದಾರೆಂದು ಪೋರ್ಚುಗೀಸರು ಮೊದಲೇ ಕೇಳಿದ್ದರು. ಅದನ್ನೇ ಕಾಣಬೇಕೆಂದು ಬಂದ ಕಣ್ಣಿಗೆ ಹಿಂದೂ ದೇವಾಲಯವೊಂದು ಇಗರ್ಜಿಯಾಗಿ ಕಂಡಿತು. ಗೋಡೆಯ ಮೇಲೆ ನಾಲ್ಕೈದು ತೋಳುಗಳ ಚಿತ್ರಗಳಿದ್ದರೂ ಅವು ಸಂತರ ಚಿತ್ರಗಳೇ ಇರಬೇಕೆಂದು ಭಾವಿಸಿ ಅಲ್ಲಿ ಪ್ರಾರ್ಥನೆಯನ್ನೂ ಮಾಡಿದರು. ಮಕ್ಕಳು ಇದನ್ನು ಕೇಳಿ ನಗುತ್ತಾರೆ, ನಗಲಿ. ನಕ್ಕಾದ ಮೇಲೆ, ನಾವು ಹೊಸ ಊರಿಗೆ ಹೋದಾಗ ಇಂತಹ ತಪ್ಪು ಮಾಡುವುದಿಲ್ಲವೆ ಎಂದು ಕೇಳಬೇಕು.

ಇನ್ನು ಸಾಮೂದಿರಿಗೆ ತಂದ ಕಾಣಿಕೆಗಳು: ಹನ್ನೆರಡು ತುಂಡು ಪಟ್ಟೆಬಟ್ಟೆ, ನಾಲ್ಕು ಕೆಂಪು ಕುಲಾವಿ, ಆರು ಟೋಪಿ, ನಾಲ್ಕು ಹವಳದ ಸರ, ಆರು ಬೋಗುಣಿ, ಒಂದು ಪೆಟ್ಟಿಗೆ ಸಕ್ಕರೆ, ಎರಡು ಪೀಪಾಯಿ ಎಣ್ಣೆ, ಎರಡು ಪೀಪಾಯಿ ಜೇನುತುಪ್ಪ. ಇವನ್ನು ನೋಡಿ ಅರಸನ ಅಧಿಕಾರಿಗಳು ನಕ್ಕುಬಿಟ್ಟರು. ಮೆಕ್ಕೆಯಿಂದ ಬರುವ ಬಡ ವರ್ತಕನೂ ಇದಕ್ಕಿಂತ ಹೆಚ್ಚು ಕೊಡುತ್ತಾನೆಂದರು. ತರಗತಿಯಲ್ಲಿ ಒಬ್ಬನನ್ನು ಸಾಮೂದಿರಿಯಾಗಿಸಿ, ಈ ಪಟ್ಟಿಯನ್ನು ಅವನ ಮುಂದೆ ಓದಿಸಿ ನೋಡಿರಿ. ಜಗತ್ತಿನ ಸಂಪತ್ತು ಅಂದು ಎಲ್ಲಿತ್ತು, ಯಾರು ಯಾರ ಬಾಗಿಲಿಗೆ ಏತಕ್ಕಾಗಿ ಬಂದರು ಎಂಬುದು ಅರ್ಧ ಗಂಟೆಯಲ್ಲಿ ಅರ್ಥವಾಗಿಬಿಡುತ್ತದೆ.

ಹಿಂದಿರುಗುವ ದಾರಿಯಲ್ಲಿ ಗಾಮನು ನಮ್ಮ ಕಾರವಾರದ ತೀರಕ್ಕೆ ಸಮೀಪವಿರುವ ಅಂಜದೀವ ದ್ವೀಪದಲ್ಲಿ ತಂಗಿ, ನೀರು ತುಂಬಿಕೊಂಡು, ಹಡಗುಗಳನ್ನು ಸರಿಪಡಿಸಿಕೊಂಡನು. ಗೋವೆಯ ಅಧಿಪತಿಯ ಸೇವೆಯಲ್ಲಿದ್ದ ಯೆಹೂದಿಯೊಬ್ಬನು ಅಲ್ಲಿಗೆ ಬಂದಾಗ ಅವನನ್ನು ಹಿಡಿದು ಹೊಡೆದು ಗುಟ್ಟು ಕೇಳಿ ತನ್ನೊಡನೆ ಒಯ್ದನು. ಮುಂದೆ ಕ್ರೈಸ್ತನಾಗಿ ಗ್ಯಾಸ್ಪರ್ ಡ ಗಾಮನೆಂಬ ಹೆಸರು ಪಡೆದು, ಪೋರ್ಚುಗೀಸರ ದುಭಾಷಿಯಾದವನು ಇವನೇ. 'ಹಿಡಿಯುವ' ಕೆಲಸ ಆ ಮೊದಲ ಯಾನದಲ್ಲಿಯೇ ಮೊದಲಾಗಿತ್ತು.

ಅಕ್ಟೋಬರ್ 5ರಂದು ಹಡಗುಗಳು ಅಂಜದೀವವನ್ನು ಬಿಟ್ಟವು. ಈಶಾನ್ಯದ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ಈ ದಡದವರಾಗಿದ್ದರೆ ಕಾಯುತ್ತಿದ್ದರು, ಗಾಮನು ಕಾಯಲಿಲ್ಲ. 23 ದಿನಗಳಲ್ಲಿ ದಾಟಿದ್ದ ಅದೇ ಸಮುದ್ರ ಈಗ ಹೆಚ್ಚುಕಡಮೆ ಮೂರು ತಿಂಗಳು ಹಿಡಿಯಿತು. ಹಸಿ ಹಣ್ಣು ತರಕಾರಿಗಳಿಲ್ಲದೆ ನಾವಿಕರ ವಸಡು ಬಾತು, ಕೈಕಾಲು ಊದಿ, ಆ ದಾಟಿನಲ್ಲಿ 30 ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸಕ್ಕೆ ನಿಲ್ಲಬಲ್ಲವರು ಏಳೆಂಟು ಮಂದಿ ಮಾತ್ರ. ಮಲಿಂದಿಗೆ ತಲುಪಿದೊಡನೆ ರೋಗಿಗಳು ಬಯಸಿದ್ದು ಕಿತ್ತಳೆ ಹಣ್ಣನ್ನು. ನಡೆಸಲು ಜನರಿಲ್ಲದೆ ಒಂದು ಹಡಗನ್ನು ಸುಟ್ಟುಹಾಕಬೇಕಾಯಿತು. ಗಾಮನ ಅಣ್ಣ ಪೌಲೋ ದಾರಿಯಲ್ಲಿ ಕಾಯಿಲೆ ಬಿದ್ದನು. ಗಾಮನು ತನ್ನ ಹಡಗನ್ನು ಮುಂದೆ ಕಳುಹಿಸಿ, ವಿಜಯದ ಸಂಭ್ರಮವನ್ನು ಬದಿಗಿಟ್ಟು ಅಣ್ಣನ ಜೊತೆಗೆ ಉಳಿದನು. ಟರ್ಸೆಯ್ರ ದ್ವೀಪದಲ್ಲಿ ಅವನನ್ನು ಮಣ್ಣು ಮಾಡಿ ಊರಿಗೆ ಹೋದನು. ಹೊರಟವರಲ್ಲಿ ಅರ್ಧದಷ್ಟು ಜನರೂ ಹಿಂದಿರುಗಲಿಲ್ಲ. ಒಂದು ನೆಲ್ಲಿಕಾಯಿಯನ್ನು ಕೈಯಲ್ಲಿ ಹಿಡಿದು ಈ ಕಥೆ ಹೇಳಿದರೆ ಚರಿತ್ರೆಯೂ ಆರೋಗ್ಯಶಾಸ್ತ್ರವೂ ಒಂದೇ ಪಾಠವಾಗುತ್ತವೆ.

ಇಷ್ಟರವರೆಗೆ ಹತ್ತು ವರ್ಷದ ಮಗುವಿಗೂ ಹೇಳಬಹುದು. ಇನ್ನೊಂದು ಅಧ್ಯಾಯವುಂಟು; ಅದನ್ನು ಹೇಳಲು ನಾಲಗೆ ತಡವರಿಸುತ್ತದೆ. 1502ರಲ್ಲಿ ಎರಡನೆಯ ಸಲ ಬಂದಾಗ ಗಾಮನು ಮಲಬಾರಿನ ಕಡಲಿನಲ್ಲಿ, ಮೆಕ್ಕೆಯ ಯಾತ್ರೆ ಮುಗಿಸಿ ಬರುತ್ತಿದ್ದ ಒಂದು ಹಡಗನ್ನು ತಡೆದನು. ಅದರಲ್ಲಿ ಹೆಂಗಸರು ಮಕ್ಕಳೂ ಸೇರಿ ನೂರಾರು ಜನರಿದ್ದರು. ಅವರು ಕೊಡಲು ಬಂದ ಧನವನ್ನೂ, ಬೇಡಿಕೆಯನ್ನೂ ಲೆಕ್ಕಿಸದೆ ಹಡಗಿಗೆ ಬೆಂಕಿಯಿಡಿಸಿದನು. ತಾಯಂದಿರು ಕೂಸುಗಳನ್ನು ಎತ್ತಿ ತೋರಿಸಿ ಮೊರೆಯಿಟ್ಟುದನ್ನು ಬರೆದಿಟ್ಟವನು ಅದೇ ನೌಕಾಪಡೆಯ ಪೋರ್ಚುಗೀಸನೊಬ್ಬನು. ಅಣ್ಣನ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದವನೂ ಈ ಬೆಂಕಿಯಿಡಿಸಿದವನೂ ಒಬ್ಬನೇ. ಇದನ್ನು ಪ್ರೌಢಶಾಲೆಯ ಮಕ್ಕಳಿಗೆ ಹೇಳಲೇಬೇಕೆಂಬುದು ನನ್ನ ಅಭಿಪ್ರಾಯ. ಸಣ್ಣವರಿಗೆ ಈಗಲೇ ಬೇಡ. ಆದರೆ ಮುಂದೆ ಇದನ್ನು ತಿಳಿದಾಗ, 'ನಮ್ಮ ಮೇಷ್ಟ್ರು ಸುಳ್ಳು ಹೇಳಿದ್ದರು' ಎಂದು ಅವರಿಗೆ ಅನ್ನಿಸದಂತೆ ಈಗಿನ ಪಾಠವನ್ನು ಹೇಳಬೇಕು.

ಒಬ್ಬನನ್ನು ದೊಡ್ಡವನನ್ನಾಗಿ ಮಾಡಲು ಉಳಿದವರನ್ನು ದಡ್ಡರನ್ನಾಗಿಸುವ ಚಪಲ ಕೊಲಂಬಸನ ಕಥೆಯಲ್ಲಿಯೂ ಉಂಟು. ಭೂಮಿ ಚಪ್ಪಟೆಯೆಂದು ಎಲ್ಲರೂ ನಂಬಿದ್ದಾಗ ಅವನೊಬ್ಬನೇ ದುಂಡಗಿದೆಯೆಂದನಂತೆ. ಭೂಮಿ ದುಂಡಗಿರುವುದು ಅಂದಿನ ವಿದ್ವಾಂಸರಿಗೆಲ್ಲ ತಿಳಿದೇ ಇತ್ತು. ಚರ್ಚೆಯಿದ್ದದ್ದು ಅದರ ಗಾತ್ರದ ಬಗೆಗೆ. ಅದರಲ್ಲಿ ತಪ್ಪಿದವನು ಕೊಲಂಬಸನೇ. ಅಮೆರಿಕದ ನೆಲ ನಡುವೆ ಅಡ್ಡ ಬಾರದಿದ್ದರೆ ಅವನ ಜನ ಏಷ್ಯವನ್ನು ಮುಟ್ಟುವ ಮೊದಲೇ ಹಸಿವು ಬಾಯಾರಿಕೆಗಳಿಂದ ಸಾಯುತ್ತಿದ್ದರು. ಈ ನಿಜವನ್ನು ಹೇಳಿದರೆ ಕಥೆಯ ರುಚಿ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ.

ಇವರ ಹೆಸರನ್ನೇ ಪಾಠಗಳಿಂದ ತೆಗೆದುಬಿಡಬೇಕೆನ್ನುವವರೂ ಇದ್ದಾರೆ. ಅದರಿಂದ ಮಗುವಿಗೆ ನಷ್ಟವೇ. ಮೂರು ತಿಂಗಳು ನೆಲ ಕಾಣದೆ ನಡೆದವರ ಕೆಚ್ಚು, ಗಂಟು ಹಾಕಿದ ದಾರದಿಂದ ಸಮುದ್ರವನ್ನು ಅಳೆದವರ ಜಾಣ್ಮೆ, ಸುಟ್ಟ ಹಡಗಿನ ಮೊರೆ ಇವು ಮೂರೂ ಒಂದೇ ಕಥೆಗೆ ಸೇರಿದವು. ಒಂದನ್ನು ಬಿಟ್ಟರೆ ಉಳಿದೆರಡೂ ಸುಳ್ಳಾಗುತ್ತವೆ.

ಮರು ವರ್ಷ ಅದೇ ಪಾಠ ಬಂದಾಗ ನಾನು ಕಪ್ಪುಹಲಗೆಯ ಮೇಲೆ ವಾಕ್ಯವನ್ನು ಬರೆದು, ಕ್ರಿಯಾಪದದ ಜಾಗವನ್ನು ಖಾಲಿ ಬಿಟ್ಟೆ. ಪಾಠ ಮುಗಿದ ಮೇಲೆ ಮಕ್ಕಳೇ ತುಂಬಬೇಕು. ಒಬ್ಬನು 'ತಲುಪಿದನು' ಎಂದನು. ಮತ್ತೊಬ್ಬಳು 'ಕೇಳಿ ತಿಳಿದನು' ಎಂದಳು. ಒಬ್ಬ ಹುಡುಗ ಬಹಳ ಹೊತ್ತು ಯೋಚಿಸಿ, "ಒಂದು ಪದ ಸಾಲದು, ಸಾರ್" ಎಂದನು. ಅವನ ಹೆಸರಿನ ಮುಂದೆ ನಾನು ಪೂರ್ಣ ಅಂಕಗಳನ್ನು ಹಾಕಿದೆ.