ಅಲ್ಪಸಂಖ್ಯಾತ ಭಾಷೆಗೆ ಸಣ್ಣ ಸಭಾಂಗಣವೇ ಬಲ

ಬ್ರಿಟನ್ನಿನ ವೇಲ್ಸ್ ನಾಡಿನ ರಾಜಧಾನಿಯಾದ ಕಾರ್ಡಿಫ್‌ನಲ್ಲಿ ಇಂಗ್ಲಿಷಿನದೇ ಪ್ರಾಬಲ್ಯ. ಅಲ್ಲಿ 1983ರಲ್ಲಿ ವೆಲ್ಷ್ ಭಾಷಿಕರು ‘ಕ್ಲೂಬ್ ಈವೊರ್ ಬಾಖ್’ ಎಂಬ ಸಂಗೀತ ಕ್ಲಬ್ಬನ್ನು ತೆರೆದರು. 1158ರಲ್ಲಿ ಕಾರ್ಡಿಫ್ ಕೋಟೆಗೆ ಲಗ್ಗೆಯಿಟ್ಟ ಸ್ಥಳೀಯ ಒಡೆಯನ ಹೆಸರದು. ಆರಂಭದಲ್ಲಿ ವೆಲ್ಷ್ ಬಲ್ಲವರಿಗಷ್ಟೇ ಸದಸ್ಯತ್ವವಿತ್ತು; ಮುಂದೆ ಬಾಗಿಲು ಎಲ್ಲರಿಗೂ ತೆರೆಯಿತು.

ದೊಡ್ಡ ಕಂಪನಿಗಳ ಆಸರೆಯಿಲ್ಲದೆ ಹಾಡುವ ಇಂಡಿ ರಾಕ್ ತಂಡಗಳಿಗೆ ಇಂತಹ ತಾಣವೇಕೆ ಬೇಕು? ಸಾವಿರಾರು ಆಸನಗಳ ಸಭಾಂಗಣದ ಬಾಡಿಗೆ ಹೊಸ ತಂಡಕ್ಕೆ ನಿಲುಕದು. ಸಣ್ಣ ಕ್ಲಬ್ಬಾದರೆ ಇನ್ನೂರು ಜನರಿಂದಲೇ ತುಂಬುತ್ತದೆ. ಕೇಳುಗರು ಕಡಿಮೆಯೆಂಬುದು ಅಲ್ಲಿ ಕೊರತೆಯಾಗದು. ಅಲ್ಪಸಂಖ್ಯಾತ ಭಾಷೆಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಇದೇ ನಗರದಲ್ಲಿ ರೂಪುಗೊಂಡ ‘ಸೂಪರ್ ಫರ್ರಿ ಅನಿಮಲ್ಸ್’ ತಂಡವು 2000ದಲ್ಲಿ ಸಂಪೂರ್ಣ ವೆಲ್ಷ್ ಭಾಷೆಯ ‘ಮೂಂಗ್’ ಆಲ್ಬಮನ್ನು ತನ್ನದೇ ಸಂಸ್ಥೆಯಿಂದ ಹೊರತಂದಿತು. ಅದು ಬ್ರಿಟನ್ನಿನ ಮಾರಾಟಪಟ್ಟಿಯಲ್ಲಿ 11ನೆಯ ಸ್ಥಾನಕ್ಕೇರಿತು.

ಗಡಿನಾಡಿನ ನಾವು ಕನ್ನಡ ಶಾಲೆಗಳ ಉಳಿವಿಗಾಗಿ ಹೋರಾಡುತ್ತಿದ್ದೇವೆ, ಅದು ಅನಿವಾರ್ಯ. ಆದರೆ ಶಾಲೆಯ ಕೊನೆಯ ಗಂಟೆ ಬಾರಿಸಿದ ಬಳಿಕ ನಮ್ಮ ಯುವಜನರು ತಮ್ಮದೇ ಕನ್ನಡದ ಹಾಡು ಕಟ್ಟಿ ಹಾಡಲು ಒಂದು ಕೊಠಡಿ ಎಲ್ಲಿದೆ? ಊರಿನ ಸಂಘದ ಕಟ್ಟಡಗಳನ್ನು ತಿಂಗಳಿಗೊಂದು ಸಂಜೆಯಾದರೂ ಅವರಿಗೆ ಬಿಟ್ಟುಕೊಡಬೇಕೆಂಬುದು ನಮ್ಮ ವಿನಂತಿ. ಪಾಠದಲ್ಲಿ ಕಲಿತ ನುಡಿ ಹಾಡಿನಲ್ಲಿ ಅವರ ಸ್ವಂತದ್ದಾಗುತ್ತದೆ.